ನೋವಿಲ್ಲದವರು ಸಾಲಿಗೆ ಬನ್ನಿ

“ಇನ್ನೊಂದು ದಿನ ಅಂದ್ರೆ ನನ್ ಕೈಲಾಗಲ್ಲ ಕಣಕ್ಕ. ಬೇಕಾದ್ರೆ ನನ್ನ ಉಳಿ, ಸುತ್ತಿಗೆ, ಗರಗಸ ಎಲ್ಲಾ ತಗೊಂಡೋಗು. ಇವನನ್ನ ಮಾತ್ರ ನನ್ ಬಾಯಿಂದ ಇಳಿಸ್ಕೊ.”

ಹೀಗೆಂದವನು ಬಡಗಿ ಕೆಂಚಾಚಾರಿ. ಬಲಗೆನ್ನೆಯನ್ನು ಅಂಗೈಗೆ ಒರಗಿಸಿಕೊಂಡು ನನ್ನ ಹಿಟ್ಟಿನ ಗಿರಣಿಯ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದ. ಒಳಗೆ ರಾಗಿ ಡಬ್ಬಗಳು ಸಾಲು ಹಿಡಿದಿದ್ದವು, ಡಬ್ಬಗಳ ಹಿಂದೆ ಅವುಗಳ ಯಜಮಾನಿಯರು. ಅವನು ಏಳದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಆದರೆ ಸರದಾರನನ್ನು ಇಟ್ಟುಕೊಂಡಿರುವವನಿಗೆ ಏಳು ಅನ್ನುವಷ್ಟು ಕಲ್ಲು ಮನಸ್ಸು ನಮ್ಮೂರಲ್ಲಿ ಯಾರಿಗೂ ಇಲ್ಲ.

“ನಿನ್ನೆ ಬೆಳಿಗ್ಗೆ ತಗೊಂಡೆ, ಇವತ್ತು ಬೆಳಿಗ್ಗೆಗೆ ನಿಂದು ಮುಗೀಬೇಕಿತ್ತು, ನಾನು ಇಲ್ಲ ಅನ್ನಲ್ಲ” ಎಂದೆ. “ಆದ್ರೆ ಇವತ್ತಿನ ಪಾಳಿ ರೇಷನ್ ಅಂಗಡಿ ಶಿವನಂಜಂದು. ಇವತ್ತೇ ಅಕ್ಕಿ ಕೊಡೋ ದಿನ. ಸರದಾರನ್ನ ಬಾಯಲ್ಲಿಟ್ಕೊಂಡು ಅವನು ಅಕ್ಕಿ ತೂಗಿದ್ರೆ ಊರಿಗೆಲ್ಲ ತೂಕ ಕಮ್ಮಿ ಬೀಳ್ತದೆ.”

“ಬಾಯಲ್ಲಿ ಏನೂ ಇಲ್ದಿದ್ದಾಗ್ಲೂ ಬೀಳ್ತದೆ ಬಿಡಕ್ಕ” ಎಂದಳು ಡಬ್ಬಗಳ ಹಿಂದಿನಿಂದ ಯಾರೋ.

“ಹತ್ತು ಗಂಟೆಗೆ ಹಲ್ಲು ವ್ಯಾನು ಬರ್ತದೆ ಕೆಂಚಣ್ಣ. ಹೆಂಗೂ ನೋವು ನಿನ್ನತ್ರ ಐತೆ, ನೀನೇ ಹೋಗಿ ತೋರಿಸ್ಕೊಂಡು ಬಾ. ಸಂಜೆಗೆ ಶಿವನಂಜ ಬಂದು ತಗೋತಾನೆ. ನಾನು ಹೇಳಿದೀನಲ್ಲ.”

ನಮ್ಮೂರಲ್ಲಿ ಹಲ್ಲುನೋವು ಹುಟ್ಟಿದ ಬಾಯಲ್ಲೇ ಬಿದ್ದಿರಬೇಕೆಂದಿಲ್ಲ. ತೆಗೆದುಕೊಳ್ಳುವವರು ಎರಡೂ ಅಂಗೈಯಲ್ಲಿ ಕೊಡುವವರ ಕೆನ್ನೆ ಹಿಡಿದು “ಕೊಡು” ಅನ್ನಬೇಕು, ಕೊಡುವವರು “ತಗೊ” ಅನ್ನಬೇಕು, ಅಷ್ಟೇ. ಕೊಟ್ಟವರು ಎದ್ದು ಕೆಲಸಕ್ಕೆ ಹೋಗುತ್ತಾರೆ, ತೆಗೆದುಕೊಂಡವರು ಕೆನ್ನೆ ಹಿಡಿದು ಕೂರುತ್ತಾರೆ. ಹಲ್ಲುನೋವೊಂದೇ ಹೀಗೆ. ಹೆರಿಗೆ ನೋವನ್ನು ಗಂಡನಿಗೆ ದಾಟಿಸಲು ನಮ್ಮೂರ ಹೆಂಗಸರು ತಲೆಮಾರುಗಳಿಂದ ಪ್ರಯತ್ನಪಟ್ಟಿದ್ದಾರೆ, ಇವತ್ತಿನವರೆಗೂ ಆಗಿಲ್ಲ. ಹಲ್ಲಿನ ಡಾಕ್ಟರು ಇರುವುದು ಎರಡು ಬಸ್ಸಿನಾಚೆ. ಮೊದಲನೆಯ ಬಸ್ಸು ತಲುಪುವುದಕ್ಕೆ ಹತ್ತು ನಿಮಿಷ ಮುಂಚೆ ಎರಡನೆಯದು ಹೊರಟುಹೋಗಿರುತ್ತದೆ. ಹೋಗಿ ಬರುವುದಕ್ಕೆ ಎರಡು ದಿನ ಬೇಕು, ಬಾಯಿ ತೋರಿಸುವುದಕ್ಕೆ ಎರಡು ನಿಮಿಷ. ಅದರ ಬದಲು ನೋವನ್ನು ಮನೆಗೊಂದು ದಿನ ಅಂತ ಪಾಳಿ ಹಾಕಿಕೊಳ್ಳುವುದೇ ಸಲೀಸು ಎಂದು ಹಿರಿಯರು ಯಾವ ಕಾಲದಲ್ಲೋ ತೀರ್ಮಾನಿಸಿದ್ದರು. ಹಿಟ್ಟು ಬೀಸಿಸಲು ಎಲ್ಲರೂ ಗಿರಣಿಗೆ ಬರಲೇಬೇಕಾದ್ದರಿಂದ ಪಾಳಿ ಹೇಳುವ ಕೆಲಸ ಗಿರಣಿಯವರದ್ದಾಯಿತು. ಹೀಗೆ ಅದು ನನ್ನ ತಲೆಗೆ ಬಂತು.

ಇದಕ್ಕೊಂದು ಮರ್ಯಾದೆ ಇದೆ. ಯಾರ ನೋವು ಎಂದು ಕೇಳಬಾರದು. ಊಟಕ್ಕೆ ಕೂತ ನೆಂಟರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳಿದ ಹಾಗೆ ಅದು. ಮನೆಯಿಂದ ಮನೆಗೆ ಹೋಗುತ್ತಾ ಹೋಗುತ್ತಾ ಹುಟ್ಟಿದ ಬಾಯಿ ಮರೆತೇ ಹೋಗುತ್ತದೆ, ನೋವಿಗೆ ಅದರದೇ ಒಂದು ಹೆಸರು ಬರುತ್ತದೆ. ತಣ್ಣೀರು ಕುಡಿದಾಗ ಮಾತ್ರ ಬಂದು ಹೋಗುವುದು ‘ನೆಂಟ’. ಹತ್ತು ನಿಮಿಷಕ್ಕೊಮ್ಮೆ ಏರಿ ಇಳಿಯುವುದು ‘ಕುಕ್ಕರ್’. ಬಲಗಡೆ ಕೆಳಗಿನ ಕೊನೆಯ ದವಡೆಹಲ್ಲಿನಲ್ಲಿ ಕೂತು ಕಿವಿ, ಕಣ್ಣು, ನೆತ್ತಿಯನ್ನೆಲ್ಲ ಆಳುವುದು ‘ಸರದಾರ’. ಅವನು ಬಂದು ಹನ್ನೊಂದು ತಿಂಗಳಾಗಿತ್ತು. ಮೊದಲು ಬಂದದ್ದು ನನಗೇ. ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಬಳೆಗಾರ ಬುಡನ್ ಸಾಬರು ಗಿರಣಿಗೆ ಬಂದು, “ಅಮ್ಮಾ, ಇಲ್ಲೇ ಯಾರೋ ಕೊಟ್ರು, ನಾನು ಇನ್ನೂ ಮೂರು ಊರು ಸುತ್ತಬೇಕು, ನೀವು ಇಟ್ಕೊಳ್ಳಿ” ಎಂದು ಕೆನ್ನೆ ಚಾಚಿದರು. ಯಾರು ಎಂದು ನಾನು ಕೇಳಲಿಲ್ಲ. ತೆಗೆದುಕೊಂಡೆ, ಮಾರನೆಯ ದಿನ ಪಾಳಿಗೆ ಹಾಕಿದೆ. ಸಾಬರು ಆಮೇಲೆ ಈ ಕಡೆ ಬಂದಿಲ್ಲ. ಅಂದಿನಿಂದ ಸರದಾರ ಊರನ್ನು ಮೂರು ಸುತ್ತು ಮುಗಿಸಿದ್ದ.

ನಮ್ಮತ್ತೆ ಚಿಕ್ಕತಾಯಮ್ಮನವರ ವಿಷಯ ಇಲ್ಲಿ ಹೇಳಲೇಬೇಕು. ನೋವು ಇಟ್ಟುಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರು ಇಲ್ಲ. ಶಿವನಂಜನ ಮಗಳ ಮದುವೆಯಲ್ಲಿ ಕುಕ್ಕರನ್ನು ಒಂಬತ್ತು ದಿನ ಬಾಯಲ್ಲಿಟ್ಟುಕೊಂಡೇ ಇನ್ನೂರು ಜನಕ್ಕೆ ಹೋಳಿಗೆ ತಟ್ಟಿದವರು. ಒಮ್ಮೆ ಮೂರು ನೋವನ್ನು ಒಟ್ಟಿಗೆ ಇಟ್ಟುಕೊಂಡು ನನ್ನ ಜೊತೆ ಜಗಳವನ್ನೂ ಆಡಿದ್ದರು, ಜಗಳದಲ್ಲಿ ಗೆದ್ದೂ ಇದ್ದರು. ಬಲಗೆನ್ನೆಯಲ್ಲಿ ಎಲೆ ಅಡಿಕೆಯ ಉಂಡೆ, ನಾಲಿಗೆಯ ಮೇಲೆ ಒಂದೇ ಮಾತು: “ನಾನು ಊರಿನ ನೋವೆಲ್ಲ ಇಸ್ಕೊಂಡೋಳು. ಒಬ್ಬರಿಗೆ ಒಂದು ದಿನ ಕೊಟ್ಟೋಳಲ್ಲ.” ಹೋದ ವರ್ಷ ಪಂಚಾಕ್ಷರಿ ಮೇಷ್ಟ್ರು ಊರ ಸಭೆಯಲ್ಲಿ ಎದ್ದು, ಎಪ್ಪತ್ತು ದಾಟಿದವರಿಗೆ ಪಾಳಿ ಬೇಡ, ಅವರು ದಣಿದಿದ್ದಾರೆ ಎಂದು ನಿರ್ಣಯ ಮಾಡಿಸಿದರು. ಗೌರವಕ್ಕೆಂದೇ ಮಾಡಿದ್ದು. ಅತ್ತೆ ಎರಡು ತಿಂಗಳು ಮೇಷ್ಟ್ರ ಮುಖ ನೋಡಲಿಲ್ಲ. ಸರದಾರ ನಮ್ಮ ಮನೆಗೆ ಬಂದ ಮೂರು ಸಲವೂ “ನಂಗೆ ಕೊಡು, ನಂಗೆ ಕೊಡು” ಎಂದು ನನ್ನ ಬೆನ್ನು ಬಿದ್ದರು. ನಾನು ಕೊಡಲಿಲ್ಲ. ಒಂದು ಸಲ ನಾನು ಇಟ್ಟುಕೊಂಡೆ, ಎರಡು ಸಲ ನಮ್ಮ ಯಜಮಾನರಿಗೆ ಹಾಕಿದೆ. “ಈ ವಯಸ್ಸಲ್ಲಿ ನಿಮಗ್ಯಾಕೆ ಅತ್ತೆಮ್ಮ, ನೀವು ಸುಮ್ನೆ ಕೂತ್ಕೊಳ್ಳಿ” ಎಂದರೆ ಅವರು ನನ್ನನ್ನು ನೋಡುತ್ತಿದ್ದ ನೋಟ ಹೇಗಿರುತ್ತಿತ್ತೆಂದರೆ, ಊಟಕ್ಕೆ ಕರೆದು ಎಲೆ ಕಿತ್ತುಕೊಂಡ ಹಾಗೆ.

ಹಲ್ಲು ವ್ಯಾನು ಬರತೊಡಗಿ ಎರಡು ತಿಂಗಳಾಗಿತ್ತು. ತಿಂಗಳಿಗೊಂದು ಮಂಗಳವಾರ ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ಒಳಗೆ ಒಂದು ಒರಗುವ ಕುರ್ಚಿ, ತಲೆಯ ಮೇಲೆ ದೀಪ, ಬಿಳಿ ಕೋಟು ಹಾಕಿದ ಡಾಕ್ಟರ್ ನಫೀಸಾ. ಊರು ಅವರನ್ನು ಹಲ್ಲು ಮೇಡಂ ಎಂದು ಕರೆಯಿತು. ನಾವು ಅವರಿಗೆ ಏನೂ ಕೊರತೆ ಮಾಡಲಿಲ್ಲ. ಆ ದಿನ ಯಾರ ಯಾರ ಹತ್ತಿರ ನೋವು ಇದೆಯೋ ಅವರನ್ನೆಲ್ಲ ತಪ್ಪದೆ ಕಳಿಸಿಕೊಟ್ಟೆವು. ನೋವು ಇದ್ದವರು ತಾನೇ ಡಾಕ್ಟರ ಹತ್ತಿರ ಹೋಗಬೇಕಾದ್ದು. ಮೊದಲ ಸಲ ನಾಲ್ವರು, ಎರಡನೆಯ ಸಲ ಐವರು. ಮೇಡಂ ಬಾಯಿ ನೋಡಿದರು, ಮತ್ತೆ ನೋಡಿದರು, ಫೋಟೋ ತೆಗೆದು ನೋಡಿದರು. ಎಲ್ಲರ ಹಲ್ಲೂ ಗಟ್ಟಿ. ಏನೂ ಇಲ್ಲ ಎಂದು ಮಾತ್ರೆ ಕೊಟ್ಟು ಕಳಿಸಿದರು. ಹಲ್ಲು ಹುಳುಕಾದವರು ನೋವಿಲ್ಲವಲ್ಲ ಎಂದು ಹೊಲಕ್ಕೆ ಹೋದರು.

“ಸ್ವಾವಲಂಬನೆ ಅಂದ್ರೆ ಇದು” ಎಂದು ಮೇಷ್ಟ್ರು ಬೇವಿನ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. “ಪಾಪ, ಅವರು ಬಂದವ್ರೆ, ನಾವು ಉಪಚಾರ ಮಾಡಿ ಕಳಿಸೋಣ. ನಮಗೇನೂ ವ್ಯಾನು ಬೇಕಾಗಿಲ್ಲ.”

ಆ ಮಂಗಳವಾರ ಕೆಂಚಾಚಾರಿಯ ಜೊತೆ ನಾನೂ ಹೋದೆ. ಅವನು ದಾರಿಯಲ್ಲಿ ಶಿವನಂಜನ ಅಂಗಡಿ ಕಡೆ ತಿರುಗಿಬಿಡುತ್ತಾನೋ ಎಂಬ ಅನುಮಾನ ಇತ್ತು.

ಮೇಡಂ ಅವನ ಬಾಯೊಳಗೆ ಪುಟ್ಟ ಕನ್ನಡಿ ಹಾಕಿ ನೋಡಿದರು. ಮುಖದಲ್ಲಿ ಬೇಸರ ಕಾಣುತ್ತಿತ್ತು. “ನೋಡಿ, ಇದು ನಮ್ಮ ಕೊನೆಯ ಸಲ. ನಿಮ್ಮೂರಲ್ಲಿ ಒಬ್ಬರಿಗೂ ಹಲ್ಲಿನ ತೊಂದರೆ ಇಲ್ಲ ಅಂತ ನಾನೇ ಎರಡು ಸಲ ಬರೆದು ಕಳಿಸಿದೀನಿ. ಮುಂದಿನ ತಿಂಗಳಿಂದ ವ್ಯಾನು ಬೇರೆ ಊರಿಗೆ ಹೋಗುತ್ತೆ” ಎಂದರು. ಅಷ್ಟರಲ್ಲಿ ಸರದಾರ ಒಮ್ಮೆ ಒದ್ದನೆಂದು ಕಾಣುತ್ತದೆ, ಕೆಂಚಾಚಾರಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಉಗುಳು ನುಂಗಲು ಹೋಗಿ ಕತ್ತು ಹಿಡಿದುಕೊಂಡ. ಮೇಡಂ ಮುಖ ಬದಲಾಯಿತು. ಇದು ನಾಟಕವಲ್ಲ ಎಂದು ಅವರಿಗೆ ಹೊಳೆಯಿತು.

ಅವನ ದವಡೆಗೆ ಒಂದು ಸೂಜಿಮದ್ದು ಕೊಟ್ಟು ಐದು ನಿಮಿಷ ಬಿಟ್ಟು ಕೇಳಿದರು. “ಮರಗಟ್ಟಿತಾ?”

“ಹಲ್ಲು ಮರಗಟ್ಟೈತೆ ಮೇಡಂ. ತುಟಿ, ನಾಲಿಗೆ ಎಲ್ಲಾ ಮರಗಟ್ಟೈತೆ. ಅವನು ಮಾತ್ರ ಅಲ್ಲೇ ಕೂತವ್ನೆ.”

“ಯಾರು?”

“ಸರದಾರ.”

ಮೇಡಂ ನನ್ನ ಕಡೆ ತಿರುಗಿದರು. ನಾನು ಹೇಳಿದೆ. ಪಾಳಿ, ಗಿರಣಿ, ಹನ್ನೊಂದು ತಿಂಗಳು, ಶಿವನಂಜನ ಅಕ್ಕಿ, ಎಲ್ಲಾ ಹೇಳಿದೆ. ಅವರು ಕನ್ನಡಕ ತೆಗೆದು ಕೋಟಿನ ಅಂಚಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಇದು ಹೇಗೆ ಸಾಧ್ಯ ಎಂದು ಕೇಳಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ ಹುಟ್ಟಿತು. “ಹಾಗಾದ್ರೆ ಇದು ಯಾರ ನೋವು?” ಎಂದು ಮಾತ್ರ ಕೇಳಿದರು.

“ಹಂಗೆಲ್ಲ ಕೇಳಂಗಿಲ್ಲ ಮೇಡಂ.”

“ನಾನು ಕೇಳ್ತೀನಿ. ನಾನು ನಿಮ್ಮೂರವಳಲ್ಲ.” ಕೆಂಚಾಚಾರಿಯ ಕಡೆ ಬಾಗಿದರು. “ನುಂಗೋವಾಗ ನೋವು ಎಲ್ಲಿಗೆ ಇಳಿಯುತ್ತೆ? ತೋರಿಸಿ.”

ಅವನು ದವಡೆಯಿಂದ ಬೆರಳು ಎಳೆದು ಗಂಟಲ ಕೆಳಗೆ ನಿಲ್ಲಿಸಿದ. “ಮೊದಲು ಹಿಂಗಿರಲಿಲ್ಲ. ಈ ವಾರದಿಂದ ಕೆಳಗೆ ಇಳೀತಾವ್ನೆ.”

“ಕೇಳಿ ಅಮ್ಮ” ಎಂದರು ಮೇಡಂ ನನಗೆ. ದನಿ ಮೆಲ್ಲಗಾಗಿತ್ತು. “ಈ ಊರಲ್ಲಿ ಯಾರದೋ ಒಬ್ಬರ ಹಲ್ಲಿನ ಬುಡದಲ್ಲಿ ಕೀವು ತುಂಬಿದೆ. ಅದು ಕತ್ತಿಗೆ ಇಳಿಯೋಕೆ ಹೊರಟಿದೆ. ಇಳಿದ್ರೆ ಉಸಿರು ಕಟ್ಟುತ್ತೆ. ಅವರಿಗೆ ನೋವು ಇದ್ದಿದ್ರೆ ಯಾವತ್ತೋ ಓಡಿ ಬರ್ತಿದ್ರು. ನೀವು ಅದನ್ನ ಊರೆಲ್ಲ ಹಂಚಿ, ಅವರಿಗೆ ಗೊತ್ತೇ ಆಗದ ಹಾಗೆ ಮಾಡಿದೀರಿ. ಇವತ್ತು ಸಂಜೆಯೊಳಗೆ ಅವರು ನನಗೆ ಬೇಕು.”

ಹನ್ನೊಂದು ತಿಂಗಳು ಒಂದು ದಿನವೂ ತಪ್ಪದೆ ಸರದಾರನಿಗೆ ಮನೆ ತೋರಿಸಿದವಳು ನಾನು. ನನ್ನ ಪಾಳಿಯನ್ನು ಊರೆಲ್ಲ ಹೊಗಳುತ್ತಿತ್ತು.

“ಹುಡುಕೋದು ಹೆಂಗೆ ಮೇಡಂ? ಈ ಹಲ್ಲು ಹುಳುಕಾದೋರು ಊರಲ್ಲಿ ಅರ್ಧಕ್ಕರ್ಧ ಜನ ಅವ್ರೆ.”

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಕೆಂಚಾಚಾರಿಯನ್ನು ಕುರ್ಚಿಯಿಂದ ಇಳಿಸಿ ಬೇವಿನ ಕೆಳಗೆ ಒಂದು ಸ್ಟೂಲಿನ ಮೇಲೆ ಕೂರಿಸಿದರು. “ನೋವು ಇವರ ಹತ್ತಿರ ಇದೆ. ಹಲ್ಲು ಬೇರೆಯವರ ಹತ್ತಿರ ಇದೆ. ನಾನು ಒಬ್ಬೊಬ್ಬರ ಹಲ್ಲನ್ನೂ ಈ ಕನ್ನಡಿ ಹಿಡಿಯಿಂದ ತಟ್ಟುತ್ತಾ ಹೋಗ್ತೀನಿ. ಯಾರದನ್ನ ತಟ್ಟಿದಾಗ ಇವರು ಕೂಗ್ತಾರೋ, ಅವರೇ.” ಆಮೇಲೆ ವ್ಯಾನಿನ ಮೈಕು ತೆಗೆದುಕೊಂಡು ಹೊರಗೆ ಬಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದರು. “ದಯವಿಟ್ಟು ನೋವಿಲ್ಲದವರು ಸಾಲಿಗೆ ಬನ್ನಿ. ನೋವಿದ್ದವರು ಮನೆಯಲ್ಲಿರಿ.”

ಇಂಥ ಕರೆ ಯಾವ ಡಾಕ್ಟರೂ ಕೊಟ್ಟಿರಲಿಕ್ಕಿಲ್ಲ. ಊರಿಗೆ ಊರೇ ಬಂತು. ಮೇಷ್ಟ್ರು ಒಂದು ಕೋಲು ಹಿಡಿದು ಸಾಲು ಸರಿಮಾಡುವ ಕೆಲಸ ತಾವಾಗಿಯೇ ವಹಿಸಿಕೊಂಡರು. ಸಾಲು ಕಾಯುವವರು ಸಾಲಲ್ಲಿ ನಿಲ್ಲಬೇಕಾಗಿಲ್ಲ ಎಂಬುದು ಅವರಿಗೆ ನಮಗಿಂತ ಮೊದಲೇ ಹೊಳೆದಿತ್ತು.

“ಅವನು ಯಾರೂಂತ ಇವತ್ತು ಸಿಗಲಿ ಕಣಣ್ಣ” ಎಂದು ಸಾಲಲ್ಲಿ ಒಬ್ಬ ಹಲ್ಲು ಕಡಿಯುತ್ತಿದ್ದ. “ನನ್ ಮದುವೆ ದಿನ ಸರದಾರ ನನ್ ಬಾಯಲ್ಲಿದ್ದ. ತಾಳಿ ಕಟ್ಟೋವಾಗ ಅಳ್ತಾ ಇದ್ದೆ. ನನ್ ಹೆಂಡ್ತಿ ಇವತ್ತಿಗೂ ಅದನ್ನ ಹಂಗಿಸ್ತಾಳೆ, ಇಷ್ಟ ಇಲ್ದೆ ಕಟ್ಟಿದ್ದೆ ಅಂತ.”

“ಇಷ್ಟ ಇತ್ತಾ?” ಎಂದ ಹಿಂದಿನವನು.

“ಸುಮ್ನಿರಪ್ಪ. ಅವಳು ಮುಂದೇನೇ ನಿಂತವ್ಳೆ.”

ಟಕ್, ಟಕ್ ಎಂದು ಒಳಗೆ ತಟ್ಟುವ ಸದ್ದು. ಹೊರಗೆ ಎಲ್ಲರ ಕಣ್ಣೂ ಕೆಂಚಾಚಾರಿಯ ಮುಖದ ಮೇಲೆ. ಅವನು ಜೀವಮಾನದಲ್ಲಿ ಅಷ್ಟು ಜನರಿಂದ ನೋಡಿಸಿಕೊಂಡವನಲ್ಲ. ಬೆವರುತ್ತಿದ್ದ. ಇಪ್ಪತ್ತನೆಯ ಬಾಯಿಗೆ ಶಿವನಂಜ ಹೋಗಿ ಕೂತ. ಮೇಡಂ ತಟ್ಟಿದರು. ಕೆಂಚಾಚಾರಿ “ಅಯ್ಯಯ್ಯೋ” ಎಂದು ಕೂಗಿ ಸ್ಟೂಲಿನಿಂದ ಹಾರಿದ. ಒಳಗೆ ಶಿವನಂಜ ಕಣ್ಣು ಮುಚ್ಚಿ, ಕುರ್ಚಿಯಲ್ಲೇ ವಾಲಿಕೊಂಡ. ನೀರು ಚಿಮುಕಿಸಿದ್ದಾಯಿತು. ಅವನ ಹೆಂಡತಿ “ನಮ್ಮೋರು ಕೊಟ್ಟಿಲ್ಲ, ನಮ್ಮೋರು ಯಾರಿಗೂ ಏನೂ ಕೊಡೋರಲ್ಲ” ಎಂದು ಅತ್ತಳು, ಊರು ಅದನ್ನು ನಂಬಿತು. ಆಮೇಲೆ ನೋಡಿದರೆ ಕೆಂಚಾಚಾರಿಯ ಕಾಲ ಮೇಲೆ ಮೇಕೆಯೊಂದು ನಿಂತಿತ್ತು.

ಎರಡು ಗಂಟೆ ಹೊತ್ತಿಗೆ ನೂರಿಪ್ಪತ್ತು ಬಾಯಿ ಮುಗಿದಿದ್ದವು. ಮೇಡಂ ಮಾತು ಕಡಿಮೆಯಾಗಿತ್ತು. ಒಬ್ಬೊಬ್ಬರು ಇಳಿದಾಗಲೂ ಒಂದು ಚೀಟಿ ಬರೆದು ಕೈಗೆ ಕೊಡುತ್ತಿದ್ದರು, ಇದಕ್ಕೆ ತುಂಬಬೇಕು, ಇದನ್ನು ತೆಗೆಯಬೇಕು ಎಂದು. “ನೋವಿಲ್ವಲ್ಲ ಮೇಡಂ” ಎಂದು ಎಲ್ಲರೂ ಒಂದೇ ರಾಗ ಎಳೆದರು. ಕೊನೆಗೆ ಅವರು ತಲೆ ಹೊರಗೆ ಹಾಕಿ, “ನೋವನ್ನ ಯಾರ ಹತ್ತಿರ ಬೇಕಾದ್ರೂ ಇಟ್ಕೊಳ್ಳಿ. ನನಗೆ ಹಲ್ಲು ತಗೊಂಡು ಬನ್ನಿ” ಎಂದರು. ಆದರೆ ಮೇಕೆ ತುಳಿದದ್ದು ಬಿಟ್ಟರೆ ಕೆಂಚಾಚಾರಿ ಒಮ್ಮೆಯೂ ಕೂಗಿರಲಿಲ್ಲ.

“ಇನ್ನು ಯಾರು ಉಳಿದಿದಾರೆ?” ಎಂದು ಮೇಡಂ ನನ್ನನ್ನು ಕೇಳಿದರು.

ನಾನು ಲೆಕ್ಕ ಹಾಕಿದೆ. ಮನೆ ಮನೆಯನ್ನೂ ನೆನೆಸಿಕೊಂಡು ಬಂದೆ. ನಮ್ಮ ಮನೆಗೆ ಬಂದಾಗ ನಿಂತೆ. ಯಜಮಾನರು ಆಗಲೇ ಬಂದು ಚೀಟಿ ತೆಗೆದುಕೊಂಡು ಹೋಗಿದ್ದರು. ಅತ್ತೆ ಬಂದಿರಲಿಲ್ಲ. ಎಪ್ಪತ್ತು ದಾಟಿದವರು ಪಾಳಿಯಲ್ಲಿಲ್ಲ ಎಂದು ಅವರ ನೆನಪೇ ಯಾರಿಗೂ ಬಂದಿರಲಿಲ್ಲ.

ಮನೆಗೆ ಓಡಿದೆ. ಅತ್ತೆ ಜಗಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ನಾಲ್ಕು ದಿನದಿಂದ ಬರೀ ಗಂಜಿ. ನಾಲ್ಕು ದಿನದಿಂದ ಹಲ್ಲು ಕಚ್ಚಿಕೊಂಡೇ ನನ್ನ ಜೊತೆ ಮಾತಾಡುತ್ತಿದ್ದರು. ನನ್ನ ಮೇಲಿನ ಸಿಟ್ಟು ಎಂದುಕೊಂಡು ನಾನೂ ಸೆಟೆದುಕೊಂಡೇ ಓಡಾಡಿದ್ದೆ. ಇವತ್ತು ಹತ್ತಿರ ಹೋಗಿ ನೋಡಿದರೆ ಅವರು ಹಲ್ಲು ಕಚ್ಚಿದ್ದಲ್ಲ, ಬಾಯಿಯೇ ತೆರೆಯುತ್ತಿರಲಿಲ್ಲ.

“ಅತ್ತೆಮ್ಮ, ವ್ಯಾನ್ ಹತ್ರ ಬನ್ನಿ.”

“ನಂಗೇನು ಬಂದೈತೆ? ನಂಗೆ ನೋವೇ ಇಲ್ಲ” ಎಂದರು ಹಲ್ಲಿನ ಸಂದಿಯಿಂದ.

“ನೋವಿಲ್ದೋರೇ ಬರಬೇಕಂತೆ.”

“ಅದೆಂಥ ಡಾಕ್ಟರು?”

“ಅಂಥವ್ರೇ. ಬನ್ನಿ.”

ಅವರು ಬರಲಿಲ್ಲ. ನಾನು ಲೋಟ ಕಿತ್ತಿಟ್ಟು ರಟ್ಟೆ ಹಿಡಿದು ಎಬ್ಬಿಸಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅವರ ಮೈ ಮುಟ್ಟಿ ಎಳೆದದ್ದು ಅದೇ ಮೊದಲು. ಅವರಿಗೂ ಆಶ್ಚರ್ಯವಾಗಿರಬೇಕು, ಬೈಯುವುದನ್ನು ಮರೆತು ಜೊತೆಗೆ ನಡೆದರು.

ಸುತ್ತ ನಿಂತಿದ್ದವರು ತಾವಾಗಿಯೇ ದಾರಿ ಬಿಟ್ಟರು. “ಪಾಪ, ಅಜ್ಜೀನ ಯಾಕೆ ಎಳ್ಕೊಂಡು ಬಂದೆ ನಿಂಗಾಜಕ್ಕ, ಆಯಮ್ಮ ಕೊಡೋ ಪೈಕಿನಾ?” ಎಂದರು ಮೇಷ್ಟ್ರು. ಮೇಡಂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, “ಮೊದಲು ಎಲೆ ಅಡಿಕೆ ಉಗುಳಿಬಿಡಿ ಅಜ್ಜಿ” ಎಂದರು. “ಎಲೆ ಹಾಕಿ ನಾಲ್ಕು ದಿನ ಆಯ್ತು ಕಣವ್ವ” ಎಂದರು ಅತ್ತೆ. ಬಲಗೆನ್ನೆಯ ಉಂಡೆ ಹಾಗೇ ಇತ್ತು.

ಮೇಡಂ ದೀಪವನ್ನು ಆ ಕೆನ್ನೆಯ ಕಡೆ ತಿರುಗಿಸಿದರು. ಆಮೇಲೆ ತೆರೆದಷ್ಟು ಬಾಯಿಯಲ್ಲೇ ಕನ್ನಡಿಯನ್ನು ಒಳಗೆ ತೂರಿಸಿ, ಹಿಡಿ ತಿರುಗಿಸಿ, ಕೊನೆಯ ಹಲ್ಲಿನ ಮೇಲೆ ಮೆಲ್ಲಗೆ ಒಮ್ಮೆ ತಟ್ಟಿದರು.

ಕೆಂಚಾಚಾರಿ ಕೂಗಿದ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಈ ಸಲ ಮೇಕೆ ದೂರದಲ್ಲಿತ್ತು.

ಬೆಳಿಗ್ಗೆಯಿಂದ ಸಿಗಲಿ ಸಿಗಲಿ ಎನ್ನುತ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಮದುವೆ ದಿನ ಅತ್ತವನು ನೆಲ ನೋಡಿದ. ಅತ್ತೆ ವ್ಯಾನಿನ ಬಾಗಿಲಾಚೆ ಇದ್ದ ಒಂದೊಂದೇ ಮುಖವನ್ನೂ ನೋಡುತ್ತಾ ಬಂದರು. ಆ ಮುಖಗಳಲ್ಲಿ ಎಷ್ಟರ ನೋವನ್ನು ಅವರು ಇಟ್ಟುಕೊಂಡಿದ್ದರೋ, ಅಷ್ಟರ ಮನೆಗಳಲ್ಲೂ ಅವರ ನೋವು ಮೂರು ಮೂರು ಸಲ ಇಳಿದುಕೊಂಡು ಹೋಗಿತ್ತು. ಅವರು ಮುದುಡಿದ ಹಾಗೆ ಕಂಡರು.

“ಕೆಂಚ” ಎಂದರು. “ಬಾ ಇಲ್ಲಿ. ಕೊಡು ಅದನ್ನ.”

“ಬೇಡ ಅಜ್ಜಿ” ಎಂದರು ಮೇಡಂ. “ಅವರ ಹತ್ತಿರಾನೇ ಇರಲಿ. ನಾನು ಇಲ್ಲಿ ಸೂಜಿ ಕೊಟ್ರೆ ಅಲ್ಲಿ ನಿಲ್ಲುತ್ತೆ.”

“ಇಲ್ಲ ಕಣವ್ವ. ನಂದು. ಅದನ್ನ ಇನ್ನೊಬ್ಬರ ಬಾಯಲ್ಲಿ ಮುಗಿಸಬಾರ್ದು.”

ಕೆಂಚಾಚಾರಿ ವ್ಯಾನಿನ ಮೆಟ್ಟಿಲ ತನಕ ಬಂದು ನಿಂತ. ಎಪ್ಪತ್ತು ದಾಟಿದವರಿಗೆ ಕೊಡುವಂತಿಲ್ಲವಲ್ಲ. ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಕೋಲಿನ ತುದಿಯನ್ನು ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದ. ಮೂರು ಸಲ ಇಲ್ಲ ಎಂದವಳು ನಾನು. “ಕೊಡು ಕೆಂಚಣ್ಣ” ಎಂದೆ.

ಅವನು ಬಾಗಿ ಕೆನ್ನೆ ಕೊಟ್ಟ. ಅತ್ತೆ ಎರಡೂ ಅಂಗೈಯಲ್ಲಿ ಹಿಡಿದು “ಕೊಡು” ಎಂದರು. ಅವನು “ತಗೊಳ್ಳಿ ಚಿಕ್ಕಮ್ಮ” ಎಂದ. ಅತ್ತೆಯ ಕಣ್ಣು ಅಗಲವಾದವು. ಹನ್ನೊಂದು ತಿಂಗಳ ಹಿಂದೆ ಕೊಟ್ಟ ಹಲ್ಲುನೋವು ಇಷ್ಟು ಬೆಳೆದು ಸರದಾರನಾಗಿ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. “ಇದನ್ನಾ ನೀವೆಲ್ಲ...” ಎಂದರು. ಕುರ್ಚಿಯ ಕೈ ಹಿಡಿದುಕೊಂಡರು.

“ಅಷ್ಟೇನಿಲ್ಲ ಬಿಡಿ ಅಜ್ಜಿ” ಎಂದ ಮದುವೆ ದಿನ ಅತ್ತವನು, ಜನರ ಮಧ್ಯದಿಂದ. “ಒಂದು ದಿನ ತಾನೇ.” ಅವನ ಹೆಂಡತಿ ತಿರುಗಿ ಅವನನ್ನು ನೋಡಿದಳು. ಆ ನೋಟದಲ್ಲಿ ಹಂಗಿಸುವುದು ಕಾಣಲಿಲ್ಲ.

ಸೂಜಿಮದ್ದು ಕೊಟ್ಟು, ಕೀವು ಇಳಿಸಿ, ಹಲ್ಲು ತೆಗೆಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಊರಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ. ಮೇಡಂ ಹೊರಗೆ ಬಂದು ಕೈಗವಸು ಕಳಚಿದರು. “ಇನ್ನೊಂದು ವಾರ ಬಿಟ್ಟಿದ್ರೆ ನನ್ನ ಕೈಲಿ ಆಗ್ತಿರಲಿಲ್ಲ. ಈಗ ಪರವಾಗಿಲ್ಲ. ಸಂಜೆ ನಮ್ಮ ವ್ಯಾನಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಎರಡು ದಿನ ನೋಡಿ ಕಳಿಸ್ತಾರೆ.” ಆಮೇಲೆ ಮೆಟ್ಟಿಲ ಮೇಲೆ ಕೂತು, ನಾನು ಕೊಟ್ಟ ಮಜ್ಜಿಗೆ ಕುಡಿದು, “ನಿಮ್ಮೂರಲ್ಲಿ ಹಲ್ಲಿನ ತೊಂದರೆ ಇಲ್ಲ ಅಂತ ಎರಡು ಸಲ ಬರೆದಿದ್ನಲ್ಲ. ಇವತ್ತು ನಾನು ದಡ್ಡಿ ಅಂತ ಬರೀಬೇಕು” ಎಂದರು. “ಇಲ್ಲಿಗೆ ವಾರಕ್ಕೊಂದು ಸಲ ಬಂದ್ರೂ ಒಂದು ವರ್ಷದ ಕೆಲಸ ಇದೆ.”

“ದಡ್ಡಿ ಅಂತೆಲ್ಲ ಬರೀಬೇಡಿ ಮೇಡಂ” ಎಂದ ಶಿವನಂಜ. “ನಮ್ಮೂರೋರು ಉಪಚಾರ ಜಾಸ್ತಿ ಮಾಡಿದ್ರು ಅಂತ ಬರೀರಿ.”

ನಾನು ಮನೆಯಿಂದ ಅತ್ತೆಯ ಸೀರೆ, ಒಂದು ಹೊದಿಕೆ, ಚೊಂಬು ಚೀಲಕ್ಕೆ ಹಾಕಿಕೊಂಡು ಬಂದೆ. ಅತ್ತೆ ಬೇವಿನ ಕಟ್ಟೆಯ ಮೇಲೆ ಕೂತಿದ್ದರು, ಬಾಯಲ್ಲಿ ಹತ್ತಿ ಕಚ್ಚಿಕೊಂಡು. ಪಕ್ಕದಲ್ಲಿ ಕೂತೆ. ಅವರೇ ಶುರುಮಾಡಿದರು, ಹತ್ತಿಯ ಸಂದಿಯಿಂದ.

“ಹೋಳಿಗೆ ಬೇಯಿಸಿ ಮುಗಿಸೋ ತನಕ ಇಟ್ಕೊ ಅಂತ ಬುಡನ್ ಸಾಬಂಗೆ ಕೊಟ್ಟೆ. ಒಂದು ಗಳಿಗೆ ಅಷ್ಟೇ. ಹಿಂದಕ್ಕೆ ತಂದು ಕೊಡ್ತಾನೆ ಅಂದ್ಕೊಂಡೆ.”

“ಅವರು ನೆಟ್ಟಗೆ ಗಿರಣಿಗೆ ಬಂದು ನಂಗೆ ಕೊಟ್ಟು ಹೋದ್ರು.”

“ಮೂರು ಸಲ ಕೇಳಿದೆ ನಿನ್ನ. ನಂಗೆ ಕೊಡು, ನಂಗೆ ಕೊಡು ಅಂತ.”

“ನಂದು ಅಂತ ಒಂದು ಮಾತು ಅಂದಿದ್ರೆ ಕೊಡ್ತಿರಲಿಲ್ವಾ ಅತ್ತೆಮ್ಮ?”

“ನಿಮ್ದಾ ಅಂತ ಒಂದು ಮಾತು ನೀನು ಕೇಳಿದ್ರೆ ಹೇಳ್ತಿರಲಿಲ್ವಾ?”

“ಕೇಳಂಗಿಲ್ವಲ್ಲ.”

“ಹೇಳಂಗೂ ಇಲ್ವಲ್ಲ” ಎಂದು ಅವರು ನಕ್ಕರು. ನಕ್ಕದ್ದಕ್ಕೆ ಹತ್ತಿ ಜಾರಿತು, ಸರಿಮಾಡಿಕೊಂಡರು. “ನಿಂಗಾಜಿ, ಊರೋರು ಏನಂದ್ರು?”

“ಯಾರೂ ಏನೂ ಅನ್ನಲಿಲ್ಲ. ಕೆಂಚಣ್ಣ ಮನೇಗೋಗಿ ನಿದ್ದೆ ಮಾಡ್ತಾವ್ನೆ.”

ಬಿಸಿಲು ಇಳಿಯುತ್ತಿತ್ತು. ಮೇಡಂ ಒಳಗೆ ಕನ್ನಡಿಗಳನ್ನು ತೊಳೆದು ಜೋಡಿಸುತ್ತಿದ್ದರು. ಸಾಲು ಚದುರಿ ಜನ ಮನೆಗೆ ಹೋಗಿದ್ದರು. ಅಷ್ಟರಲ್ಲಿ ಪಂಚಾಕ್ಷರಿ ಮೇಷ್ಟ್ರು ಶಾಲೆಯ ಹಿಂದಿನಿಂದ ಬಂದರು, ಕೋಲು ಇರಲಿಲ್ಲ. ಎಡಗೆನ್ನೆಯನ್ನು ಅಂಗೈಯಲ್ಲಿ ಹಿಡಿದಿದ್ದರು. ಆಚೆ ಈಚೆ ನೋಡಿ, ನಿರ್ಣಯ ಮಾಡಿಸಿದ್ದನ್ನು ತಾವೇ ಮರೆತವರ ಹಾಗೆ, ಅತ್ತೆಯ ಮುಂದೆ ಬಾಗಿ ಕೆನ್ನೆ ಚಾಚಿದರು. ಅತ್ತೆಯ ಎರಡೂ ಕೈ ತಾವಾಗಿಯೇ ಮೇಲೆದ್ದವು. ಮೇಷ್ಟ್ರ ಕೆನ್ನೆಗೆ ಒಂದು ಗೇಣು ಇರುವಾಗ ನಿಂತವು. ಆಮೇಲೆ ಅವರು ಒಂದು ಕೈಯನ್ನು ಮಡಿಲಿಗೆ ಇಳಿಸಿ, ಇನ್ನೊಂದರಿಂದ ಮೇಷ್ಟ್ರ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಕಟ್ಟೆಯಿಂದಿಳಿದು, ವ್ಯಾನಿನ ಮೆಟ್ಟಿಲ ಕಡೆಗೆ ನಡೆಸಿಕೊಂಡು ಹೋದರು.